ಕೈ ಸೋಕದ ಮಜ್ಜಿಗೆ

"ಕೈ ತೆಗಿಯೇ! ತೆಗಿ ಅಂದ್ರೆ ಮೊದ್ಲು! ನಿಮ್ಮಪ್ಪನ ಮನೆ ಎಮ್ಮೆ ಅಂತ ಸವರ್ತಾ ನಿಂತಿದ್ದೀಯೇನೇ?"

ನಾಗರಾಜುವಿನ ಕೂಗಿಗೆ ಕಾವೇರಮ್ಮ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಹೊಸ ಯಂತ್ರದ ಹೊಳೆಯುವ ಮೈಮೇಲೆ ಅವಳ ಅಂಗೈಯ ಹಬೆ ಒಂದು ಗಳಿಗೆ ನಿಂತು ಮಾಯವಾಯಿತು. ನಾಗರಾಜು ಹೆಗಲ ಮೇಲಿನ ಟವೆಲು ತೆಗೆದು, ಅವಳು ಮುಟ್ಟಿದ್ದ ಜಾಗವನ್ನು ಅವಳ ಕಣ್ಣೆದುರಿಗೇ ತಿಕ್ಕಿ ತಿಕ್ಕಿ ಒರೆಸಿದ.

"ಪೂಜೆ ಆಗೋ ಮಿಷಿನ್ನು ಇದು. ದೂರ ನಿಂತ್ಕಳಿ ಎಲ್ರೂವೆ. ಚೈತ್ರಾ, ನೀನ್ ಬಾರವ್ವ ಮುಂದಕ್ಕೆ. ಹೂವ ಮುಡುಸು."

ಚೈತ್ರಾ ಚಪ್ಪಲಿ ಬಿಟ್ಟು ಮುಂದೆ ಹೋದಳು. ಸೇವಂತಿಗೆ ಮಾಲೆಯನ್ನು ಯಂತ್ರದ ಕೊರಳಿಗೆ ಹಾಕಿದಳು, ಅರಿಶಿನ ಕುಂಕುಮ ಹಚ್ಚಿದಳು. ಆ ಹುಡುಗಿಗೆ ಈ ಕೆಲಸದ ಅ ಆ ಇ ಈ ಕಲಿಸಿದವಳು ಕಾವೇರಮ್ಮ. ಕೈಹಿಡಿದು ಕಲಿಸಿದಳು ಎಂದರೆ ಬಾಯಿಮಾತಲ್ಲ. ನಿಜವಾಗಿಯೂ ಅವಳ ಮಣಿಕಟ್ಟು ಹಿಡಿದೇ ಕಲಿಸಿದ್ದಳು.

ಮಾಗಡಿಯಿಂದ ಕಲ್ಯದ ಕಡೆಗೆ ಹೋಗುವ ರಸ್ತೆಯಲ್ಲಿ, ನಾಗರಾಜು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆಯೇ ಈಗ ಮಜ್ಜಿಗೆ ಫ್ಯಾಕ್ಟರಿ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆಯ ಪಾಕೀಟು ಇಲ್ಲಿಂದ ರಾಮನಗರ, ಕನಕಪುರದ ಬಸ್ ಸ್ಟ್ಯಾಂಡುಗಳವರೆಗೂ ಹೋಗುತ್ತಿತ್ತು. ಯಂತ್ರ ಬರುವ ಮೊದಲು ಅಷ್ಟೂ ಹೆಂಗಸರ ಕೈಕೆಲಸ. ಒಬ್ಬಳು ಪಾಕೀಟಿನ ಬಾಯಿ ಅಗಲಿಸಿ ಹಿಡಿದರೆ ಇನ್ನೊಬ್ಬಳು ಆಲಿಕೆಯಲ್ಲಿ ಮಜ್ಜಿಗೆ ಸುರಿಯುವಳು. ಮತ್ತೊಬ್ಬಳು ಆ ಬಾಯನ್ನು ಕಾದ ಪಟ್ಟಿಯ ನಡುವೆ ಇಟ್ಟು ಪೆಡಲು ತುಳಿಯುವಳು. ಪೆಡಲಿನ ಮುಂದೆ ಕೂರುವವಳು ಕಾವೇರಮ್ಮ. ಪಾಕೀಟಿನ ಬಾಯಲ್ಲಿ ಒಂದು ಹನಿ ಉಳಿದರೂ, ಕರಿಬೇವಿನ ಒಂದು ಚೂರು ಸಿಕ್ಕಿಕೊಂಡರೂ ಪ್ಲಾಸ್ಟಿಕ್ಕು ಅಂಟುವುದಿಲ್ಲ. ಅರ್ಧ ದಾರಿಯಲ್ಲೇ ಸೋರಿ ಟೆಂಪೋ ತುಂಬ ಹುಳಿ ನಾತ. ಕಾವೇರಮ್ಮ ಆ ಬಾಯನ್ನು ಎರಡು ಬೆರಳುಗಳ ನಡುವೆ ಒತ್ತಿ, ಒಂದೇ ಎಳೆತಕ್ಕೆ ಹನಿಯನ್ನೂ ಚೂರನ್ನೂ ಕೆಳಕ್ಕೆ ದೂಡಿ, ಅದೇ ಉಸಿರಿನಲ್ಲಿ ಪೆಡಲು ತುಳಿಯುತ್ತಿದ್ದಳು. ಸುಟ್ಟು ಸುಟ್ಟು ಅವಳ ಬೆರಳ ತುದಿಗಳು ಹುಣಸೆಬೀಜದ ಹಾಗೆ ನುಣ್ಣಗಾಗಿದ್ದವು. ಅಂಗಡಿಯವರು ಬಂದಾಗ ನಾಗರಾಜು ಅವಳು ಮುಚ್ಚಿದ ಪಾಕೀಟನ್ನು ನೆಲಕ್ಕೆ ಹಾಕಿ, ಮೇಲೆ ನಿಂತು, "ನೋಡಿ ಸಾರ್, ಒಂದ್ ತೊಟ್ಟು ಬರಾಕಿಲ್ಲ" ಎಂದು ಕುಣಿಯುತ್ತಿದ್ದ. ಆಗೆಲ್ಲ ಕಾವೇರಮ್ಮ ತಲೆಯೆತ್ತದೆ ಒಳಗೊಳಗೇ ನಗುತ್ತಿದ್ದಳು.

ಅವಳು ಊರ ಹೊರಗಿನ ಕಾಲೋನಿಯವಳು. ಚೈತ್ರಾ ಊರ ಒಳಗಿನವಳು, ನಾಗರಾಜುವಿನ ಜನವೇ, ಆದರೆ ಬಡತನಕ್ಕೆ ಬಿದ್ದ ಮನೆ. ಪೆಡಲಿನ ಮುಂದೆ ಇಬ್ಬರ ಮೊಣಕೈ ತಾಗುತ್ತಿತ್ತು, ಒಬ್ಬರ ಬೆವರು ಒಬ್ಬರಿಗೆ ಹತ್ತುತ್ತಿತ್ತು. ಊಟದ ಹೊತ್ತಿಗೆ ಮಾತ್ರ ಚೈತ್ರಾ ತನ್ನ ಡಬ್ಬಿ ತೆಗೆದುಕೊಂಡು ಬೇರೆ ಮರದ ನೆರಳಿಗೆ ಹೋಗುತ್ತಿದ್ದಳು. ಅದಕ್ಕೆ ಕಾವೇರಮ್ಮ ಬೇಜಾರು ಮಾಡಿಕೊಂಡವಳಲ್ಲ. ಹುಟ್ಟಿದಾಗಿನಿಂದ ಕಂಡದ್ದು.

ಯಂತ್ರ ಮಾಡಿದವನು ಚನ್ನಪಟ್ಟಣದ ಅತೀಕ್. ಬೊಂಬೆ ಕಡೆಯುವ ಮನೆಯಲ್ಲಿ ಹುಟ್ಟಿ, ಮರ ಬಿಟ್ಟು ಕಬ್ಬಿಣಕ್ಕೆ ಬಿದ್ದ ಮನುಷ್ಯ. ನಾಗರಾಜು ಎಲ್ಲಿಂದಲೋ ಹಳೆಯ ಹಾಲು ತುಂಬುವ ಯಂತ್ರವೊಂದನ್ನು ತಂದಿದ್ದ. ಅದು ಹಾಲಿಗೆ ಸರಿ, ಕರಿಬೇವಿನ ಮಜ್ಜಿಗೆಗೆ ಬಂದರೆ ಪಾಕೀಟೆಲ್ಲ ಸೋರುತ್ತಿತ್ತು. ಅತೀಕ್ ಬಂದು ನೋಡಿದ, ಬಿಚ್ಚಿದ, ಜೋಡಿಸಿದ, ತಲೆ ಕೆರೆದುಕೊಂಡ. ಕೊನೆಗೆ ಕಾವೇರಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ಬೆರಳುಗಳ ಕಡೆಗೆ ಮೊಬೈಲು ಹಿಡಿದ.

"ಅಕ್ಕಾ, ಇನ್ನೊಂದ್ ಸಲ ಮಾಡಿ. ಮೆಲ್ಲಗೆ. ಹಾಂ, ಮೊದ್ಲು ಒತ್ತೋದು, ಆಮೇಲೆ ಸುಡೋದು. ಅರೇ, ಅಷ್ಟೇ ಅಲ್ವಾ ಇದು!"

ಹಾಗೆ ಹುಟ್ಟಿತು ಆ ಯಂತ್ರದ ಹೊಸ ದವಡೆ. ಮೇಲಿನಿಂದ ಪ್ಲಾಸ್ಟಿಕ್ಕಿನ ಹಾಳೆ ಕೊಳವೆಯಂತೆ ಸುತ್ತಿಕೊಂಡು ಇಳಿಯುವುದು, ಅದರೊಳಕ್ಕೆ ಮಜ್ಜಿಗೆ ಬೀಳುವುದು. ಮೊದಲು ಎರಡು ರಬ್ಬರಿನ ತುಟಿಗಳು ಒತ್ತಿ ಹನಿಯನ್ನೂ ಚೂರನ್ನೂ ಆಚೆಗೆ ದೂಡುವುವು. ಹಿಂದೆಯೇ ಕಾದ ಕಬ್ಬಿಣದ ತುಟಿಗಳು ಕಚ್ಚಿ ಮುಚ್ಚಿ ಕತ್ತರಿಸುವುವು. ಟಕ್, ಟಕ್, ಟಕ್. ಮೊದಲ ದಿನ ಅದನ್ನು ನೋಡಿದ ಕಾವೇರಮ್ಮನಿಗೆ ತನ್ನ ಬೆರಳೇ ಅಲ್ಲಿ ಕೂತಿದೆ ಅನ್ನಿಸಿತು. ಅದಕ್ಕೇ ಅವಳು ಅದನ್ನು ಮುಟ್ಟಿದ್ದು. ಆ ಯಂತ್ರದ ಮುಂದೆ ನಿಲ್ಲುವವಳು ತಾನೇ ಎಂದು ಕಾಲೋನಿಯಲ್ಲೆಲ್ಲ ಆಗಲೇ ಹೇಳಿಕೊಂಡು ಬಂದಿದ್ದಳು.

ಪೂಜೆಯ ತೆಂಗಿನಕಾಯಿ ಒಡೆದ ಮೇಲೆ ನಾಗರಾಜು ಹೇಳಿದ: "ಚೈತ್ರಾ ಇವತ್ತಿಂದ ಆಪರೇಟ್ರು. ಕಾವೇರಿ, ಮುನ್ನೀ, ನೀವಿಬ್ರೂ ಹಿಂದ್ಗಡೆ ಕ್ರೇಟ್ ತೊಳ್ಕಳಿ. ಮಿಕ್ಕೋರ್ಗೆ ಹೇಳ್ಕಳಿಸ್ತೀನಿ, ಈಗ ಮನೆಗೆ ಹೋಗ್ಲಿ."

ಮಿಕ್ಕವರು ಡಬ್ಬಿ ಎತ್ತಿಕೊಂಡು ಹೋದರು. ಕಾವೇರಮ್ಮ ಕದಲಲಿಲ್ಲ.

"ಅಣ್ಣಾ, ಆ ಮಿಷಿನ್ಗೆ ಬೆಳ್ಳು ಆಡ್ಸೋದ್ ತೋರ್ಸ್ಕೊಟ್ಟೋಳು ನಾನು. ಈ ಮಗೀಗೆ ಕಲ್ಸ್ದೋಳೂ ನಾನೆಯ."

"ಅದ್ಕೇ?"

"ನಂಗೂ ಬತ್ತದೆ ಅಂತ ಯೋಳ್ದೆ."

ನಾಗರಾಜು ಹೊಸ ಪ್ಲಾಸ್ಟಿಕ್ಕಿನ ಸುರುಳಿಯನ್ನು ಅವಳ ಮುಂದೆ ಹಿಡಿದ. ಅದರ ಮೇಲೆ ಹಸಿರು ಅಕ್ಷರ.

"ಓದಾಕ್ ಬತ್ತದಾ? ನಾನೇ ಓದ್ತೀನಿ ಕೇಳು. 'ಕೈ ಸೋಕದ ಮಜ್ಜಿಗೆ'. ಬೆಟ್ಟದ ದೇವಸ್ಥಾನದ ಆರ್ಡರ್ರು ಇದು, ಶ್ರಾವಣ ಪೂರ್ತಿ, ಬರೋ ಭಕ್ತಾದಿಗಳಿಗೆಲ್ಲ ಹಂಚೋದು. ಅರ್ಚಕ ಸ್ವಾಮ್ಗೋಳು ಖುದ್ದು ಬಂದು ನೋಡ್ತರೆ. ಕೈ ಸೋಕ್ಬಾರ್ದು ಅಂದ್ರೆ ಯಾರ್ ಕೈ ಅಂತ ನನ್ ಬಾಯಲ್ಲೇ ಬಿಡ್ಸಿ ಯೋಳುಸ್ತೀಯಾ?"

ಚೈತ್ರಾ ತಲೆ ತಗ್ಗಿಸಿ ಯಂತ್ರದ ಕೊರಳಿಗೆ ಅಂಟಿದ್ದ ಹೂವಿನ ಎಸಳು ತೆಗೆಯುತ್ತಿದ್ದಳು. ನಾಗರಾಜು ಅಂದದ್ದಕ್ಕಿಂತ ಅದೇ ಕಾವೇರಮ್ಮನಿಗೆ ಚುಚ್ಚಿತು.

ಹಿಂದಿನ ಅಂಗಳದಲ್ಲಿ ಸೋಡಾಪುಡಿಯ ನೀರು, ಹುಳಿ ನಾತ, ನೊಣ. ಒಡೆದ ಪಾಕೀಟುಗಳನ್ನು ಹಿಂಡಿ ಹಾಕುವುದು, ಕ್ರೇಟು ತಿಕ್ಕುವುದು. ಯಂತ್ರದ ಕೋಣೆಗೂ ಅಂಗಳಕ್ಕೂ ನಡುವೆ ಗಾಜಿನ ಕಿಟಕಿ. ಕಾವೇರಮ್ಮ ತಿಕ್ಕುತ್ತಾ ತಿಕ್ಕುತ್ತಾ ಆ ಕಿಟಕಿಯತ್ತಲೇ ನೋಡುವಳು. ಬಿಳಿ ಕೋಟು. ನೀಲಿ ಟೋಪಿ. ತಲೆಯ ಮೇಲೆ ತಿರುಗುವ ಫ್ಯಾನು. ಕೂತುಕೊಳ್ಳಲು ಎತ್ತರದ ಸ್ಟೂಲು ಬೇರೆ! ತಾನು ಅಷ್ಟು ವರ್ಷ ಕೂತದ್ದು ಮಗುಚಿಟ್ಟ ಡಬ್ಬದ ಮೇಲೆ. ಚೈತ್ರಾಳ ಕೈ ಬೆಳ್ಳಗಾಗುತ್ತಿದೆ ಅನ್ನಿಸಿತು ಅವಳಿಗೆ. ಉಗುರಿಗೆ ಬಣ್ಣ ಬಂತು. ಒಂದು ದಿನ ಕಿವಿಗೆ ಹೊಸ ಓಲೆ. ರಸ್ತೆಯ ಬೋರ್ಡಿನಲ್ಲಿ ನಾಗರಾಜುವಿನ ದೊಡ್ಡ ಮುಖದ ಪಕ್ಕ ಯಂತ್ರ, ಯಂತ್ರದ ಪಕ್ಕ ಚೈತ್ರಾ, ಕೆಳಗೆ 'ನಮ್ಮದೇ ಆವಿಷ್ಕಾರ' ಎಂಬ ಮಾತು. ಅತೀಕನ ಹೆಸರೂ ಅದರಲ್ಲಿರಲಿಲ್ಲ.

"ಬುಡಕ್ಕ, ಎಷ್ಟಂತ ನೋಡ್ತೀಯ. ಕಣ್ಣು ಹಾಳಾಗ್ತದೆ" ಎಂದಳು ಪಕ್ಕದಲ್ಲಿ ಕ್ರೇಟು ತೊಳೆಯುವ ಮುನ್ನೀ.

"ಹಾಳಾಗ್ಲಿ. ಆ ಲೌಡಿ ಕೋಟ್ ಹಾಕ್ಕಂಡು ಕುಂತವ್ಳೆ ನೋಡು, ಡಾಕುಟ್ರು ಕುಂತಂಗೆ. ಪೆಡ್ಲು ತುಳಿಯಾಕ್ ಬರ್ದೆ ಅಳ್ತಿದ್ಲು. ನನ್ ಸೆರಗಲ್ಲೇ ಮೂಗು ಒರ್ಸಿವ್ನಿ."

ಬೈದರೂ ಉರಿ ಆರಲಿಲ್ಲ. ರಾಗಿಮುದ್ದೆ ಮುರಿದು ಹಾಗೇ ತಟ್ಟೆಯಲ್ಲಿ ಬಿಡುವಳು. ಮಲಗಿದರೆ ಟಕ್ ಟಕ್. ಹುಡುಗಿಯ ಮೇಲಷ್ಟೇ ಅಲ್ಲ, ಆ ಯಂತ್ರದ ಮೇಲೂ ಅವಳಿಗೆ ಹೊಟ್ಟೆಕಿಚ್ಚು. ಕಾವೇರಮ್ಮನ ಬೆರಳಿನ ಕೆಲಸವನ್ನೇ ಅದು ಮಾಡುತ್ತಿತ್ತು. ಆದರೂ ಅದರ ಮೈಗೆ ಕುಂಕುಮ. ಅದು ಮುಟ್ಟಿದ್ದನ್ನು ದೇವರಿಗೂ ಒಯ್ಯಬಹುದು. ಕಬ್ಬಿಣಕ್ಕೆ ಕೇರಿ ಇಲ್ಲವಲ್ಲ.

ಒಂದು ಬೆಳಿಗ್ಗೆ ಕಿಟಕಿಯ ಆಚೆ ಜಗಳ ಕೇಳಿಸಿತು. ದವಡೆಯ ಮುಂದೆ ಒಂದು ಜಾಲರಿ ಬಾಗಿಲಿತ್ತು. ಅದನ್ನು ತೆರೆದರೆ ಯಂತ್ರ ತಾನೇ ನಿಲ್ಲುವಂತೆ ಅತೀಕ್ ಸ್ವಿಚ್ಚು ಇಟ್ಟಿದ್ದ. ಹಾಳೆ ಸಿಕ್ಕಿಕೊಂಡಾಗೆಲ್ಲ ಬಾಗಿಲು ತೆರೆಯಬೇಕು, ಯಂತ್ರ ನಿಲ್ಲಬೇಕು, ಮತ್ತೆ ಕಾಯಬೇಕು. ನಾಗರಾಜು ಆ ಸ್ವಿಚ್ಚನ್ನು ಒತ್ತಿಹಿಡಿಯುವಂತೆ ತಾಮ್ರದ ತಂತಿ ಸುತ್ತಿಬಿಟ್ಟಿದ್ದ.

"ಅಣ್ಣಾ, ಆ ತಂತಿ ಬಿಚ್ಚಿ. ಕೈ ಹೋದ್ರೆ ಹೋಯ್ತು. ಖುದಾ ಕಸಮ್, ದವಡೆಗೆ ಪಾಕೀಟು ಯಾವ್ದು ಬೆರಳು ಯಾವ್ದು ಗೊತ್ತಾಗಲ್ಲ."

"ನಿಂತ್ರೆ ಲಾಸು ನಿಂಗಾ ನಂಗಾ? ಮಿಷಿನ್ ಮಾಡ್ಕೊಟ್ಟೆ, ಆಯ್ತು, ನಡಿಲಾ. ಇನ್ಮ್ಯಾಕೆ ಗೇಟ್ ಒಳೀಕೆ ಬರ್ಬೇಡ."

ಅತೀಕ್ ಬೈಕು ಹತ್ತಿ ಹೋದವನು ಮತ್ತೆ ಬರಲಿಲ್ಲ. ಕಾವೇರಮ್ಮ ಅಷ್ಟನ್ನೂ ಕೇಳಿದಳು, ತಂತಿಯನ್ನೂ ನೋಡಿದಳು.

ಅದೇ ವಾರ ಚೈತ್ರಾ ಹಿಂದಿನ ಬಾಗಿಲಿಗೆ ಬಂದು ನಿಂತಳು. ಟೋಪಿಯ ಅಂಚಿನಲ್ಲಿ ಬೆವರು.

"ಅಕ್ಕಾ, ಹಾಳೆ ಸಿಕ್ಕಾಕ್ಕತಾ ಐತೆ ಕಣಕ್ಕ. ಕೈ ಹಾಕಿ ಎಳಿಯಾಕೆ ಭಯ ಆಯ್ತದೆ. ನಿಲ್ಸಿದ್ರೆ ನಾಗಣ್ಣ ಬಯ್ತದೆ. ಒಸಿ ಬಂದ್ ನೋಡಕ್ಕ, ಯಾರೂ ಇಲ್ಲ."

ಕಾವೇರಮ್ಮನಿಗೆ ಎದ್ದು ಹೋಗಬೇಕು ಅನ್ನಿಸಿತು. ಅವಳ ಬೆರಳುಗಳು ಆಗಲೇ ನೊರೆಯಿಂದ ಮೇಲೆದ್ದಿದ್ದವು. ಒಂದು ಕಡ್ಡಿ ಕೊಟ್ಟು, ಇದರಲ್ಲಿ ಎಳಿ, ಬೆಳ್ಳು ಹಾಕ್ಬೇಡ ಎಂದಿದ್ದರೆ ಸಾಕಿತ್ತು. ಆದರೆ ಹುಡುಗಿ ಹಣೆಯ ಬೆವರು ಒರೆಸಿಕೊಂಡಾಗ ಉಗುರಿನ ಬಣ್ಣ ಕಣ್ಣಿಗೆ ಹೊಡೆಯಿತು.

"ನನ್ ಕೈ ಸೋಕ್ಬಾರ್ದಲ್ವಾ ತಾಯಿ? ಹೋಗು, ನಿನ್ ಮಿಷಿನ್ನು, ನೀನು."

ಚೈತ್ರಾ ಟೋಪಿ ಸರಿಮಾಡಿಕೊಂಡು ಹೊರಟುಹೋದಳು. ಅವತ್ತು ಮಧ್ಯಾಹ್ನ ಕಾವೇರಮ್ಮನಿಗೆ ಊಟ ರುಚಿಸಿತು.

ಶ್ರಾವಣದ ಮೊದಲ ಶನಿವಾರದ ಹಿಂದಿನ ದಿನ. ಬೆಳಕು ಹರಿದಾಗಿನಿಂದ ಯಂತ್ರ ನಿಂತಿರಲಿಲ್ಲ. ಅರ್ಚಕರು ಬಂದು ನೋಡಿ ಒಪ್ಪಿದ ಮೇಲೆ ಲೋಡು ಬೆಟ್ಟಕ್ಕೆ ಹೋಗಬೇಕು. ಕಾವೇರಮ್ಮ ಕ್ರೇಟು ಎತ್ತುತ್ತಿದ್ದಳು. ಟಕ್ ಟಕ್ ಸದ್ದಿನ ನಡುವೆ ಒಂದು ಸಲ ಟಕ್ ಎನ್ನಲಿಲ್ಲ. ಮೆತ್ತಗಿನ ಏನೋ ಒಂದು ಸಿಕ್ಕ ಸದ್ದು. ಆಮೇಲೆ ಚೈತ್ರಾಳ ಕೂಗು.

ಮೊದಲು ಓಡಿದವಳು ಕಾವೇರಮ್ಮ. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದಳು. ದವಡೆ ಬಾಯಿಬಿಟ್ಟಿತು. ಚೈತ್ರಾಳ ಮಣಿಕಟ್ಟು ಹಿಡಿದು ಈಚೆಗೆ ಎಳೆದಳು. ಕೈಗವಸಿನ ನೀಲಿ ಪ್ಲಾಸ್ಟಿಕ್ಕು ಕರಗಿ ಮಾಂಸಕ್ಕೆ ಅಂಟಿಕೊಂಡಿತ್ತು. ಮೊದಲ ಎರಡು ಬೆರಳುಗಳ ತುದಿ ಇರಲಿಲ್ಲ. ಹುಡುಗಿ ಕಾವೇರಮ್ಮನ ಹೆಗಲಿಗೆ ಒರಗಿ, "ಅಕ್ಕಾ, ಸುಡ್ತದೆ ಅಕ್ಕಾ, ಸುಡ್ತದೆ" ಎನ್ನುತ್ತಿದ್ದಳು.

ನಾಗರಾಜು ಓಡಿ ಬಂದವನು ಮೊದಲು ನೋಡಿದ್ದು ಯಂತ್ರಕ್ಕೆ ಮಜ್ಜಿಗೆ ಹೋಗುವ ಪಕ್ಕದ ಸ್ಟೀಲ್ ತೊಟ್ಟಿಯನ್ನು.

"ತೊಟ್ಟೀಗೆ ಬಿತ್ತಾ ರಕ್ತ? ಏಯ್, ಕೇಳಿದ್ದು ನಿಂಗೆ, ತೊಟ್ಟೀಗೆ ಬಿತ್ತಾ?"

"ಬೆಳ್ಳು ಹೋಗೈತೆ ಕಣಣ್ಣೋ!"

"ನಂಗ್ ಕಾಣಾಕಿಲ್ವಾ? ಮುನ್ನೀ, ಓಮ್ನಿಗೆ ಹತ್ತುಸ್ಕಂಡು ಮಾಗಡಿ ಆಸ್ಪತ್ರೆಗೆ ನಡಿ. ಕೇಳುದ್ರೆ ಮನೇಲ್ ಆಯ್ತು ಅಂತ ಯೋಳು."

ವ್ಯಾನು ಹೋಯಿತು. ನಾಗರಾಜು ತಾನೇ ಪೈಪು ಹಿಡಿದು ದವಡೆಗೆ ನೀರು ಬಿಟ್ಟ, ಕ್ರೇಟಿನಲ್ಲಿದ್ದ ಕೊನೆಯ ಪಾಕೀಟುಗಳನ್ನು ಮೋರಿಗೆ ಎಸೆದ, ಫಿನಾಯಿಲು ಹಾಕಿಸಿದ. ಆಮೇಲೆ ಬೀರುವಿನಿಂದ ಮಡಿಕೆ ಬಿಚ್ಚದ ಹೊಸ ಬಿಳಿ ಕೋಟು ತಂದು ಕಾವೇರಮ್ಮನ ಮುಂದೆ ಹಿಡಿದ. ಅವನ ದನಿ ಮೆತ್ತಗಾಗಿತ್ತು.

"ತಗಾ ಕಾವೇರಿ. ನಿಂಗೇ ಬಂತು ನೋಡು. ಕೈಗೆ ಗ್ಲೌಸು, ಮೊಕಕ್ಕೆ ಮಾಸ್ಕು, ತಲೇಗೆ ಟೋಪಿ. ಯಾವ ಕೇರಿ ಅಂತ ಯಾರ್ಗೂ ಗೊತ್ತಾಗಾಕಿಲ್ಲ. ಸ್ವಾಮ್ಗೋಳು ಹೆಸ್ರು ಕೇಳುದ್ರೆ ಚೈತ್ರಾ ಅನ್ನು, ಸಾಕು. ಇನ್ಮ್ಯಾಕೆ ನೀನೇ ಇಲ್ಲಿ."

ಕಾವೇರಮ್ಮ ಕೋಟು ತೊಟ್ಟಳು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಹಿತವಾಗಿತ್ತು. ಸ್ಟೂಲು ಹತ್ತಿ ಕೂತಳು. ಫ್ಯಾನಿನ ಗಾಳಿ ಕುತ್ತಿಗೆಗೆ ಬಡಿಯಿತು. ಹಸಿರು ಗುಂಡಿ ಒತ್ತಿದಳು. ಹಾಳೆ ಇಳಿಯಿತು, ಮಜ್ಜಿಗೆ ಬಿತ್ತು, ರಬ್ಬರಿನ ತುಟಿಗಳು ಅವಳದೇ ಎಳೆತದಲ್ಲಿ ಎಳೆದು ಒತ್ತಿದವು, ಪಾಕೀಟು ತಣ್ಣಗೆ ತುಂಬಿಕೊಂಡು ಕ್ರೇಟಿಗೆ ಬಿತ್ತು. ಒಂದನ್ನು ಎತ್ತಿ ಹಿಂಡಿ ನೋಡಿದಳು. ಒಂದು ತೊಟ್ಟೂ ಇಲ್ಲ. ಕಿಟಕಿಯ ಆಚೆ ಅಂಗಳ ಖಾಲಿ. ಯಾರಾದರೂ ನೋಡಬೇಕಿತ್ತು ಅನ್ನಿಸಿತು. ಸ್ವಲ್ಪ ಹೊತ್ತು ಅವಳಿಗೆ ಆ ಕೂಗು ಮರೆತೇಹೋಗಿತ್ತು.

ಹಾಳೆ ಸಿಕ್ಕಿಕೊಂಡಿತು. ಅವಳು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ಕಡ್ಡಿಯಲ್ಲಿ ಹಾಳೆ ಬಿಡಿಸಿ, ಬಗ್ಗಿ ನೋಡಿದಳು. ನೀರು ಹಾಯಿಸಿದ್ದರೂ ದವಡೆಯ ಮೂಲೆಯಲ್ಲಿ ಒಂದು ಚೂರು ಅಂಟಿಕೊಂಡೇ ಇತ್ತು. ನೀಲಿ. ಅದರ ಅಂಚಿನಲ್ಲಿ ಉಗುರಿನ ಬಣ್ಣ. ಜಾಲರಿಯ ಪಕ್ಕದಲ್ಲಿ ತಂತಿ ಸುತ್ತಿದ ಹಾಗೇ ಇತ್ತು.

ಬಾಗಿಲಲ್ಲಿ ಗದ್ದಲವಾಯಿತು. ಚೈತ್ರಾಳ ತಾಯಿ ವರಲಕ್ಷ್ಮಮ್ಮ ತಲೆಗೂದಲು ಕೆದರಿಕೊಂಡು ಗೇಟಿನವನನ್ನು ದೂಡಿ ಒಳಗೆ ನುಗ್ಗಿದ್ದಳು. ಸುದ್ದಿ ಊರಿಗೆ ಮುಟ್ಟಿತ್ತು.

"ನನ್ ಮಗ್ಳಿಗೆ ಏನಾಯ್ತು ನಾಗಣ್ಣ? ಬೆಳ್ಳು ಹೋಯ್ತಂತಲ್ಲೋ, ಮದ್ವೆ ಆಗ್ದಿರೋ ಮಗಳು ಕಣೋ!"

"ಏನ್ ಮಾಡ್ಲಿ ಅತ್ತೆ, ಫೋನ್ ನೋಡ್ಕಂಡು ಕೈ ಕೊಟ್ಬುಟ್ಲು. ಬೇಕಾದ್ರೆ ಇವ್ಳನ್ನೇ ಕೇಳು, ಪಕ್ಕದಲ್ಲೇ ಇದ್ಲು." ನಾಗರಾಜು ಕಾವೇರಮ್ಮನ ಕಡೆ ಕೈ ತೋರಿಸಿದ. ಕಣ್ಣಲ್ಲೇ ಗದರಿಸಿದ.

ವರಲಕ್ಷ್ಮಮ್ಮ ಕಾವೇರಮ್ಮನ ಕೈಗವಸಿನ ಎರಡೂ ಕೈಗಳನ್ನು ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ತನ್ನ ಹಿತ್ತಿಲಲ್ಲಿ ಕಾವೇರಮ್ಮನಿಗೆ ಎತ್ತರದಿಂದ ನೀರು ಸುರಿಯುತ್ತಿದ್ದ ಹೆಂಗಸು. "ನೀ ನೋಡ್ದಾ ನನ್ನವ್ವ? ಫೋನ್ ನೋಡ್ತಿದ್ಲಾ ಅವ್ಳು? ಯೋಳು ತಾಯಿ."

ಕಾವೇರಮ್ಮ ಮಾಸ್ಕಿನ ಮೇಲಿಂದ ತಂತಿಯ ಕಡೆಗೆ ನೋಡಿದಳು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ನಾಗರಾಜು ವರಲಕ್ಷ್ಮಮ್ಮನನ್ನು ರಟ್ಟೆ ಹಿಡಿದು ಗೋಡೆಯ ಕಡೆಗೆ ಸರಿಸಿ, "ಆಮ್ಯಾಕ್ ಮಾತಾಡನ, ಈಗ ಅಳ್ಬೇಡ" ಎಂದವನೇ ನಗುಮುಖ ಮಾಡಿಕೊಂಡು ಹೊರಗೋಡಿದ.

ಅರ್ಚಕರು ಹೊಸ್ತಿಲಾಚೆಯೇ ನಿಂತು ಪಂಚೆ ಎತ್ತಿ ಹಿಡಿದರು.

"ಫಿನಾಯಿಲ್ ವಾಸನೆ! ಒಳ್ಳೇದು, ಶುಚಿ ಇದೆ. ನೋಡಪ್ಪ ನಾಗರಾಜು, ಭಗವಂತನ ಹೆಸರಲ್ಲಿ ಹಂಚೋದು. ಯಾರ್ಯಾರೋ ಕೈ ಹಾಕಿದ್ದು ಅಂತ ನಾಳೆ ಮಾತು ಬರಬಾರದು. ನಿಜವಾಗಿಯೂ ಕೈ ಸೋಕಲ್ಲ ತಾನೆ?"

"ಇಲ್ಲ ಸ್ವಾಮಿ. ಹಾಳೆಯಿಂದ ಸೀಲಿನ ತನಕ ಎಲ್ಲಾ ಮಿಷಿನ್ನೇ."

"ಯಾರಮ್ಮಾ ನೀನು? ಏನು ಹೆಸರು?"

ಕಾವೇರಮ್ಮ ಹಸಿರು ಗುಂಡಿ ಒತ್ತಿ ಯಂತ್ರ ಓಡಲು ಬಿಟ್ಟಳು. ಸ್ಟೂಲಿನಿಂದ ಇಳಿದಳು. ಬಲಗೈಯ ಗವಸನ್ನು ಎಳೆದು ಬಿಸಾಡಿದಳು. ಮಾಸ್ಕು ಕಿತ್ತಳು. ಗೋಡೆಗೆ ಒರಗಿದ್ದ ವರಲಕ್ಷ್ಮಮ್ಮ ಅವಳ ಮುಖ ನೋಡಿ ತನ್ನ ಕೈಗಳನ್ನು ನೋಡಿಕೊಂಡಳು.

"ಕಾವೇರಮ್ಮ ಅಂತಾರೆ ಸ್ವಾಮಿ. ಕಾಲೋನಿಯೋಳು. ಈ ಮಜ್ಜಿಗೆ ಪಾಕೀಟು ಇಷ್ಟ್ ವರ್ಸ ಮುಚ್ಚಿದ್ದು ನಾನೆಯ. ನಿಮ್ ಬೆಟ್ಟದ ಕೆಳಗಿನ ಅಂಗ್ಡೀಗೂ ಹೋಗೈತೆ, ನೀವೂ ಕುಡ್ದಿದ್ದೀರಿ."

"ಏಯ್ ಮುಂಡೆ, ಬಾಯಿ ಮುಚ್ಚು!"

"ಬೆಳಿಗ್ಗೆ ಚೈತ್ರನ ಬೆಳ್ಳು ಹೋಯ್ತು ಈ ಬಾಯ್ಗೆ. ಫೋನೂ ಇಲ್ಲ, ಗೀನೂ ಇಲ್ಲ. ಬಾಗ್ಲು ತೆಗುದ್ರೆ ನಿಲ್ಲೋ ಮಿಷಿನ್ನ, ನಿಲ್ದಂಗೆ ತಂತಿ ಸುತ್ತವ್ನೆ ಇವ್ನು. ನಂಗೂ ಗೊತ್ತಿತ್ತು. ನಾನೂ ಬಾಯಿ ಬಿಡ್ನಿಲ್ಲ." ಅವಳು ತೊಟ್ಟಿಯ ಮುಚ್ಚಳ ಎತ್ತಿ ನೆಲಕ್ಕೆ ಬಿಟ್ಟಳು. "ಕೈ ಸೋಕಾಕಿಲ್ಲ ಅಂದ್ನಲ್ಲ, ನೋಡ್ಕಳಿ."

ಬಲಗೈಯನ್ನು ಮೊಣಕೈವರೆಗೆ ಮಜ್ಜಿಗೆಯೊಳಕ್ಕೆ ಇಳಿಸಿದಳು.

ತಣ್ಣಗಿತ್ತು. ಕರಿಬೇವಿನ ಎಲೆಗಳು ಸರಿದು ಅವಳ ತೋಳಿಗೆ ಅಂಟಿಕೊಂಡವು. ಅರ್ಚಕರು ಹಿಂದೆ ಹೆಜ್ಜೆ ಇಟ್ಟು ಕಾರಿನ ಕಡೆಗೆ ತಿರುಗಿದರು. "ಸ್ವಾಮಿ, ನಿಂತ್ಕಳಿ, ಬ್ಯಾರೆ ತೊಟ್ಟಿ ಐತೆ ಸ್ವಾಮಿ" ಎಂದು ನಾಗರಾಜು ಅತ್ತ ಎರಡು ಹೆಜ್ಜೆ ಓಡಿದ, ಇತ್ತ ತಿರುಗಿದ.

"ತೆಗಿಯೇ ಕೈನ! ನಿಲ್ಸೇ ಮಿಷಿನ್ನ! ಹುಗುದ್ಬುಡ್ತೀನಿ ನಿನ್ನ, ನಿನ್ ಕೇರೀನೆಲ್ಲ!"

ಕೆಂಪು ಗುಂಡಿ ಕಾವೇರಮ್ಮನ ಬೆನ್ನ ಹಿಂದಿತ್ತು. ಅವಳು ಸರಿಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಆ ತೊಟ್ಟಿಯ ಮಜ್ಜಿಗೆಯನ್ನೇ ಹೀರಿ, ತುಂಬಿ, ಒತ್ತಿ, ಮುಚ್ಚಿ, ಹಸಿರು ಅಕ್ಷರದ ಪಾಕೀಟುಗಳನ್ನು ಒಂದೊಂದಾಗಿ ಉದುರಿಸುತ್ತಿತ್ತು. ನಾಗರಾಜು ಅವಳ ಮೇಲೆ ಕೈ ಎತ್ತಿ ಬಂದ.

ನಡುವೆ ವರಲಕ್ಷ್ಮಮ್ಮ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ನಾಗರಾಜುವಿನ ಕಡೆ ನೋಡಲೂ ಇಲ್ಲ.

"ಯಾವ ತಂತಿ ಕಾವೇರಿ?" ಎಂದಳು. "ಎಲ್ಲೈತೆ? ತೋರ್ಸು ನಂಗೆ."